ಎದ್ದವರ ಗುಡ್ಡ

ಕೆಂಚನಕೋಟೆಯಿಂದ ಮೂಡಣ ದಿಕ್ಕಿಗೆ ಹೊರಟು ಹುಣಸೆತೋಪು ದಾಟಿದರೆ ಎಡಗಡೆಗೆ ಒಂದು ಮೊಂಡು ಗುಡ್ಡ ಕಾಣುತ್ತದೆ. ಅರ್ಧ ಉಂಡು ಬಿಟ್ಟ ಮುದ್ದೆಯ ಹಾಗೆ ಅದರ ಒಂದು ಮಗ್ಗುಲು ದುಂಡಗಿದೆ. ಕೋಟೆಯ ಕಡೆಯ ಮಗ್ಗುಲು ಮಾತ್ರ ಕಡಿದು ತೆಗೆದಂತೆ ನೆಟ್ಟಗಿದೆ. ಬುಡದಲ್ಲಿ ಈಚೆಗೆ ‘ಸೂರ್ಯಾಸ್ತ ವೀಕ್ಷಣಾ ಸ್ಥಳ’ ಎಂಬ ಫಲಕ ಬಂದಿದೆ. ಬರೆಸಿದವರು ಊರಿನಲ್ಲಿ ಯಾರನ್ನೂ ಕೇಳಿದಂತಿಲ್ಲ. ನಮ್ಮವರಿಗೆ ಅದು ಇಂದಿಗೂ ಎದ್ದವರ ಗುಡ್ಡವೇ. ಆದರೆ ಎದ್ದವರು ಯಾರು ಎಂದು ಕೇಳಿದರೆ ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಯಾರೋ ಋಷಿಗಳು ಅಲ್ಲಿ ತಪಸ್ಸಿನಿಂದ ಎದ್ದರಂತೆ ಎಂದು ಒಂದು ಕಥೆಯನ್ನೂ ಕಟ್ಟಿದ್ದಾರೆ. ಋಷಿಗಳಿಗೆ ನಮ್ಮೂರ ಕಡೆ ಬರಲು ಯಾವಾಗ ಪುರುಸೊತ್ತು ಸಿಕ್ಕಿತ್ತೋ ನಾನರಿಯೆ. ನಾನು ಹಿರಿಯರಿಂದ ಕೇಳಿದ್ದು ಬೇರೆ. ಅದು ಹೇಳಿಕೊಂಡು ಹಿಗ್ಗುವಂಥ ಸಂಗತಿಯಲ್ಲ, ಅದಕ್ಕೇ ಮರೆತಿದ್ದಾರೆಂದು ಕಾಣುತ್ತದೆ.

ಊರಿಗೆ ಇನ್ನೂ ಕೋಟೆಯೇ ಇಲ್ಲದಿದ್ದ ಕಾಲದಲ್ಲಿ ಈ ಗುಡ್ಡದ ಸುತ್ತಿನ ಕಾಡಿನಲ್ಲಿ ಕಾರೆ ಕುಲದವರು ವಾಸವಾಗಿದ್ದರು. ಜೇನು ಬಿಡಿಸಿ, ಗೆಡ್ಡೆ ಅಗೆದು, ಅಷ್ಟಿಷ್ಟು ರಾಗಿ ಚೆಲ್ಲಿಕೊಂಡು ಬದುಕುವ ಜನ. ಅವರಲ್ಲಿ ಯಾರೇ ಸತ್ತರೂ ಕೆಳಗಿನ ಹಳ್ಳದಿಂದ ಒಂದು ಉರುಟು ಕಲ್ಲನ್ನು ಆರಿಸಿ, ತೊಳೆದು, ಹೆಗಲ ಮೇಲೆ ಹೊತ್ತು ತಂದು ಗುಡ್ಡದ ನೆತ್ತಿಯ ಹಾಸುಬಂಡೆಯ ಮೇಲೆ ಇಡುತ್ತಿದ್ದರು. ಸತ್ತವರು ಅಂದಿನಿಂದ ಆ ಕಲ್ಲಿನಲ್ಲಿ ಇರುತ್ತಾರೆ. ಹೊಸ ರಾಗಿ ಬಂದಾಗ ಒಂದೊಂದು ಕಲ್ಲನ್ನೂ ಹೆಸರು ಹಿಡಿದು ಕರೆದು ತುತ್ತಿಡುತ್ತಿದ್ದರು. ಬಂಡೆಯ ಮೇಲೆ ಒಲೆ ಹೂಡುವಂತಿರಲಿಲ್ಲ. ಅಡುಗೆಯೇನಿದ್ದರೂ ಕೆಳಗೆ ಹಳ್ಳದ ಬಳಿ. ಇನ್ನೊಂದು ಕಟ್ಟಳೆಯೂ ಇತ್ತು. ಹಸಿದೆ ಎಂದು ಯಾರೇ ಬಂದರೂ ಕುಲದವರೆಲ್ಲ ಎದ್ದು ನಿಂತು ಉಣಿಸಬೇಕು, ಬಂದವನು ಉಂಡು ಕೈತೊಳೆಯುವವರೆಗೆ ಒಬ್ಬರೂ ಕೂರಬಾರದು. ಕಲ್ಲಿನಲ್ಲಿರುವ ಹಿರಿಯರ ಎದುರಿನಿಂದ ಒಬ್ಬ ಹಸಿದು ಹೋದರೆ ಆ ವರ್ಷ ಹಿರಿಯರೂ ತುತ್ತು ಮುಟ್ಟುವುದಿಲ್ಲ ಎನ್ನುತ್ತಾರೆ. ಆಗ ಕುಲಕ್ಕೆ ಹಿರಿಯಳಾಗಿದ್ದವಳು ಕೇತಮ್ಮ. ಹೆರಿಗೆಯಲ್ಲಿ ಹೋದ ಮಗಳು ಮಾದಿಯ ಕಲ್ಲನ್ನು ಆಕೆ ಆ ವರ್ಷವಷ್ಟೇ ಸಾಲಿನ ಕೊನೆಯಲ್ಲಿ ಇಟ್ಟಿದ್ದಳು. ಸಂಜೆ ಹೊತ್ತು ಅದರ ಪಕ್ಕದಲ್ಲಿ ಕುಳಿತು ಮನೆಯ ಸುದ್ದಿಯನ್ನೆಲ್ಲ ಹೇಳಿ ಇಳಿದು ಬರುತ್ತಿದ್ದಳಂತೆ.

ಇಂಥ ಹೊತ್ತಿನಲ್ಲಿ ಊರನ್ನಾಳುತ್ತಿದ್ದ ಪಾಳೆಯಗಾರ ಹಿರಿಯ ಕೆಂಚನಾಯಕನಿಗೆ ಕೋಟೆ ಕಟ್ಟಿಸುವ ಮನಸ್ಸಾಯಿತು. ಸುತ್ತಲಿನ ಬಂಡೆಗಳನ್ನೆಲ್ಲ ತಟ್ಟಿ ನೋಡಿದ ಕಲ್ಲುಕುಟಿಗರು, ಬೆಂಕಿ ಹಾಕಿದರೆ ಹಾಳೆ ಹಾಳೆಯಾಗಿ ಏಳುವ ಬಂಡೆಯೆಂದರೆ ಇದೊಂದೇ ಎಂದರು. ಸುದ್ದಿ ತಿಳಿದ ಕಾರೆ ಕುಲದವರು ಬಿಲ್ಲು, ಕೊಡಲಿಗಳನ್ನು ಗುಡಿಸಲಿನಲ್ಲೇ ಬಿಟ್ಟು, ಮಕ್ಕಳು ಮರಿಗಳೊಂದಿಗೆ ಬಂದು ಕಲ್ಲುಗಳ ನಡುವೆ ಕುಳಿತರು. ಬೈಗುಳವಿಲ್ಲ, ಕೂಗಾಟವಿಲ್ಲ, ಸುಮ್ಮನೆ ಕುಳಿತರು. ಕುಳಿತವರ ಕಾಲಡಿಗೆ ಬೆಂಕಿ ಹಾಕಲಾರೆವೆಂದು ಕಲ್ಲುಕುಟಿಗರು ಸೌದೆ ಇಳಿಸಿದರು. ನಾಯಕನ ಆಳುಗಳು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಳೆದು ಬುಡದಲ್ಲಿ ಬಿಟ್ಟರು. ಅವರು ಮೈಯ ಧೂಳು ಕೊಡವಿಕೊಂಡು ಮತ್ತೆ ಹತ್ತಿ ಬಂದು ಅದೇ ಜಾಗದಲ್ಲಿ ಕುಳಿತರು. ಎಳೆದವರಿಗೆ ಸುಸ್ತಾಯಿತೇ ಹೊರತು ಕುಳಿತವರಿಗೆ ಆಗಲಿಲ್ಲ. ಕಡಿದು ಹಾಕೋಣವೆಂದರೆ, ಬುನಾದಿಗೆ ಮೊದಲೇ ಹೆಂಗಸರು ಮಕ್ಕಳ ರಕ್ತ ಬಿದ್ದರೆ ಕೋಟೆ ನಿಲ್ಲುವುದಿಲ್ಲವೆಂದು ಜೋಯಿಸರು ಅಡ್ಡ ಬಂದರು. ನಾಯಕ ಹಲ್ಲು ಕಡಿದುಕೊಂಡು ಕೂತ.

ಕೋಟೆ ಕೆಲಸದ ಉಸ್ತುವಾರಿ ಹೊತ್ತಿದ್ದವನು ಪಾರುಪತ್ಯಗಾರ ಚೆನ್ನರಸಯ್ಯ. ಕೆಟ್ಟವನೇನಲ್ಲ, ಬುದ್ಧಿವಂತ. ನನ್ನನ್ನು ಕೇಳಿದರೆ ಕೆಟ್ಟವನೇ ಆಗಿದ್ದರೆ ವಾಸಿಯಿತ್ತು, ಏಟು ತಿಂದಾದರೂ ಆ ಜನ ಗುಡ್ಡ ಉಳಿಸಿಕೊಳ್ಳುತ್ತಿದ್ದರು. ಹಿಂದೆ ಒಮ್ಮೆ ಆತ ಕಾಡಿನಲ್ಲಿ ದಾರಿ ತಪ್ಪಿ ಹಸಿದು ಕಂಗಾಲಾಗಿದ್ದಾಗ ಇದೇ ಕೇತಮ್ಮನ ಕಡೆಯವರು ಎದ್ದು ನಿಂತು ಉಣಿಸಿ ಕಳಿಸಿದ್ದರು. ಅವರ ಕಟ್ಟಳೆ ಅವನಿಗೆ ತಿಳಿದದ್ದೇ ಆ ಊಟದಲ್ಲಿ. ಈಗ ಅವನು ಆಯುಧವಿಲ್ಲದ ಆಳುಗಳನ್ನು ಕಟ್ಟಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದು ಕೇತಮ್ಮನ ಎದುರು ನಿಂತ. “ಅವ್ವಾ, ಹಸಿದು ಬಂದಿದ್ದೇವೆ,” ಎಂದ. ಯಾರಿಗೂ ಪೆಟ್ಟಾಗದಂತೆ ಕೆಲಸ ಮುಗಿಸುತ್ತಿದ್ದೇನೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದನಂತೆ.

ಕುಳಿತಿದ್ದವರಿಗೆಲ್ಲ ಸಂಚು ತಿಳಿಯಿತು. ಅತ್ತ ಬಂಡೆಯ ಮರೆಯಲ್ಲಿ ಕಲ್ಲುಕುಟಿಗರು ಸೌದೆಯ ಹೊರೆ ಹೊತ್ತು ಕಾದಿದ್ದುದೂ ಕಾಣುತ್ತಿತ್ತು. ಕೇತಮ್ಮನ ಮಗ ಜಡಿಯ ತಾಯಿಯ ಕೈ ಹಿಡಿದ. “ಏಳ್ಬ್ಯಾಡ ಕನವ್ವ, ಇದು ಮೋಸ,” ಎಂದ. “ಮೋಸ ಅಂತ ನಂಗೂ ಗೊತ್ತು ಕನ್ಲಾ,” ಎಂದಳು ಕೇತಮ್ಮ. “ಆದ್ರೂವೆ ಹಸ್ದಿವ್ನಿ ಅಂದವ್ನೆ. ಇಲ್ಲ ಅಂದು ಕಳ್ಸುದ್ರೆ ನಾಳೆ ನಿನ್ನಕ್ಕಂಗೆ ಯಾವ ಮೊಕ ಇಟ್ಕಂಡು ಉಣ್ಣಾಕಿಕ್ಕಲಿ?” ಕೂತರೆ ಗುಡ್ಡ ಉಳಿಯುತ್ತದೆ, ಆದರೆ ಗುಡ್ಡದ ಮೇಲಿರುವವರು ಉಪವಾಸ ಬೀಳುತ್ತಾರೆ, ಎದ್ದರೆ ಅವರ ನೆಲೆಯೇ ಹೋಗುತ್ತದೆ. ಆಕೆ ಬಹಳ ಹೊತ್ತು ಮಗಳ ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. ಆಕೆ ಎದ್ದದ್ದು ಕಂಡು ಕುಲವೆಲ್ಲ ಎದ್ದು ಗುಡ್ಡ ಇಳಿಯಿತು. ಕೆಳಗೆ ಹಳ್ಳದ ಬಳಿ ಒಲೆ ಹೂಡಿ, ಇದ್ದಬದ್ದ ರಾಗಿಯನ್ನೆಲ್ಲ ಹಾಕಿ ಮುದ್ದೆ ತೊಳಸಿ, ಕಾಡುಸೊಪ್ಪಿನ ಸಾರು ಕಾಯಿಸಿ, ಮುತ್ತುಗದ ಎಲೆ ಹಾಸಿ ಬಡಿಸಿದರು. ಚೆನ್ನರಸಯ್ಯ ಮೊದಲ ತುತ್ತನ್ನು ಬಾಯಿಗಿಡುವಾಗಲೇ ಮೇಲಿನಿಂದ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಕಾದ ಬಂಡೆ ಸಿಡಿದ ಸದ್ದು ಹಳ್ಳಕ್ಕೆಲ್ಲ ಕೇಳಿಸಿತು. ಅವನ ಕೈ ಎಲೆಯ ಮೇಲೆಯೇ ನಿಂತಿತು. ಅವನು ಏಳಹೋದ. ಸಾರಿನ ಮಡಕೆ ಹಿಡಿದು ನಿಂತಿದ್ದ ಕೇತಮ್ಮ, “ಎಲೆ ಬುಟ್ಟು ಏಳ್ಬಾರ್ದು ಬುದ್ಧಿ, ಉಂಡ್ಕಳಿ,” ಎಂದು ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ಅಳುತ್ತಾ ಉಂಡ ಎನ್ನುತ್ತಾರೆ. ಅತ್ತನೋ ಇಲ್ಲವೋ, ಉಂಡದ್ದಂತೂ ನಿಜ.

ಬಂಡೆಯ ಹಾಳೆಗಳು ಕೋಟೆಯ ಮೈಗೆ ಹೋದವು. ಸಾಲಿನಲ್ಲಿದ್ದ ಉರುಟು ಕಲ್ಲುಗಳನ್ನು ಕೆಲಸದವರು ಗಾಡಿಗೆ ತುಂಬಿ ತಂದು, ಎರಡು ಗೋಡೆಗಳ ನಡುವಿನ ಹೊಟ್ಟೆಗೆ ಮಣ್ಣಿನ ಜೊತೆ ಸುರಿದರು. ಅವರಿಗೆ ಅವು ಬರೀ ಕಲ್ಲು. ಮಾದಿ ಎಲ್ಲಿ ಬಿದ್ದಳು, ಅವಳ ಅಜ್ಜಿ ಎಲ್ಲಿ ಬಿದ್ದಳು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಇತ್ತ ನಾಯಕನ ಚಾವಡಿಯಲ್ಲಿ ಇದು ನಗೆಮಾತಾಯಿತು. ಕತ್ತಿಗೆ ಏಳದವರು ಮುದ್ದೆಗೆ ಎದ್ದರು ನೋಡಿ ಎಂದು ನಕ್ಕು, ಗುಡ್ಡಕ್ಕೆ ಎದ್ದವರ ಗುಡ್ಡ ಎಂದು ಹೆಸರಿಟ್ಟರು. ಅಣಕಕ್ಕೆ ಇಟ್ಟ ಹೆಸರು ಹಾಗೆಯೇ ನಿಂತಿತು. ಕಾರೆ ಕುಲದವರು ಅದನ್ನು ಬೇಡವೆನ್ನಲಿಲ್ಲ. ಎದ್ದದ್ದು ಹೌದಲ್ಲ ಎಂದರಂತೆ. 

ಗುಡ್ಡಕ್ಕೆ ಬರುವವರು ಈಗಲೂ ಕಡಿದ ಮಗ್ಗುಲಿನಲ್ಲಿ ಬೆಂಕಿಯ ಕಪ್ಪನ್ನು ಕಾಣಬಹುದು. ನೆತ್ತಿಯ ಮೇಲೆ ನೋಡುವಂಥದ್ದು ಏನೂ ಉಳಿದಿಲ್ಲ. ನೋಡಬೇಕೆಂದಿರುವವರು ಹೊಸ ರಾಗಿಯ ಕಾಲದಲ್ಲಿ ಕೋಟೆಗೆ ಬರಬೇಕು. ಆ ದಿನ ಕಾರೆ ಕುಲದ ಹೆಂಗಸರು ಗಂಡಸರು ಮುದ್ದೆಯ ಕುಕ್ಕೆ ಹೊತ್ತು ಬಂದು, ಯಾವ ಕಲ್ಲು ಎಲ್ಲಿದೆಯೋ ತಿಳಿಯದ ಕಾರಣ, ಗೋಡೆಯ ಬುಡದುದ್ದಕ್ಕೂ ಹೆಸರುಗಳನ್ನು ಕರೆಯುತ್ತಾ ತುತ್ತಿಡುತ್ತಾ ಕೋಟೆಯನ್ನೆಲ್ಲ ಸುತ್ತುತ್ತಾರೆ. ಪ್ರವಾಸಿಗಳು ಇರುವೆಗೆ ಹಾಕುತ್ತಿದ್ದಾರೆಂದು ತಿಳಿದು ಫೋಟೊ ತೆಗೆದುಕೊಳ್ಳುತ್ತಾರೆ. ಹೋದ ಸಲ ನಾನು ಕೋಟೆ ಮೂಲೆಯ ಬತೇರಿಯ ನೆರಳಿನಲ್ಲಿ ನಿಂತು ನೋಡುತ್ತಿದ್ದೆ. ಗೋಡೆಯ ಕಡೆ ತಿರುಗಿ ಹೆಸರು ಕರೆಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡು ಕೈ ತಡೆದಳು. “ಊಟ ಆಯ್ತಾ ಬುದ್ಧಿ?” ಎಂದು ಕೇಳಿದಳು. ನಾನು ಕೋಟೆಯೊಳಗಿನ ಮನೆತನದವನೆಂದು ಆಕೆಗೆ ಗೊತ್ತಿತ್ತು. ಇಲ್ಲ ಎಂದೆ. ಗೋಡೆಗೆ ಇಡಬೇಕಾದ್ದನ್ನು ಅಷ್ಟಕ್ಕೇ ನಿಲ್ಲಿಸಿ ನನಗೆ ಎಲೆ ಹಾಸಿ ಬಡಿಸಿದರು. ನಾನು ಉಂಡು ಮುಗಿಸುವವರೆಗೂ ಅವರೆಲ್ಲ ಸುತ್ತ ನಿಂತೇ ಇದ್ದರು.