ಜಟಕಾ ಬೀರನೂ ಅಮ್ಮಣ್ಣಿಯ ಇಂಗ್ಲಿಷೂ

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರು ಇಂಗ್ಲಿಷ್ ಮಾತಿನ ಮೇಲೆ ಮೂರು ಒಗಟು ಹಾಕ್ತಾರೆ. ಬಿಡಿಸಿದವರಿಗೆ ಬೇಡಿದ್ದು! ತಪ್ಪಿದವರಿಗೆ ತಲೆದಂಡ!"

ಹೊನ್ನಕೆರೆ ಸಂಸ್ಥಾನದಲ್ಲಿ ಹೀಗೆ ಡಂಗುರ ಹೊಡೆಸಿದರು. ಬಾಯಿಪಾಠದ ಇಂಗ್ಲಿಷ್ ಕೊಚ್ಚಿಕೊಳ್ಳುವವರನ್ನು ಕಂಡರೆ ರಾಜಕುಮಾರಿ ಅಮ್ಮಣ್ಣಿಗೆ ಆಗುತ್ತಿರಲಿಲ್ಲವಂತೆ. ಅಷ್ಟಕ್ಕೇ ತಲೆ ತೆಗೆಸೋದಾ? ಅರಮನೆಯ ಹುಚ್ಚು, ಕೇಳೋರ್ಯಾರು!

"ದೂರದವರಿಗೆ ಉದ್ದ, ಹತ್ತಿರದವರಿಗೆ ಗಿಡ್ಡ. ಕೊಡುವುದು ಮಾತ್ರ ಒಂದೇ. ಏನದು?" ಎಂದಳು ಅಮ್ಮಣ್ಣಿ. ಪಾಳೇಗಾರರ ಮಕ್ಕಳಿಬ್ಬರಲ್ಲಿ ಒಬ್ಬ ನೆರಳೆಂದ, ಒಬ್ಬ ಹಗ್ಗವೆಂದ. ಇಬ್ಬರೂ ಸೆರೆಮನೆ ಸೇರಿದರು. ಶಾಲೆಯ ಹಾಲಪ್ಪ ಮೇಷ್ಟ್ರು ಅದನ್ನು ಬಿಡಿಸಿ ಎರಡನೆಯದರಲ್ಲಿ ಮುಗ್ಗರಿಸಿದರು. ಸಂಜೆಗೆ ಮೂವರ ತಲೆಯೂ ಹೋಗುವುದಿತ್ತು.

ಮೇಷ್ಟ್ರ ತಮ್ಮ ಬೀರ ಬಿಳಿ ಸಾಹೇಬರಿಗೆ ಜಟಕಾ ಹೊಡೆಯುವವನು, ಅಕ್ಷರ ಬಾರದು. ಅಣ್ಣನ ಸುದ್ದಿ ಕೇಳಿದ್ದೇ ತಡ, ಅವ್ವನನ್ನು ಕೂರಿಸಿಕೊಂಡು ಅರಮನೆಗೆ ಗಾಡಿ ಬಿಟ್ಟ. ತಾನೂ ಒಗಟು ಬಿಡಿಸುತ್ತೇನೆಂದು ಅಮ್ಮಣ್ಣಿಯ ಮುಂದೆ ನಿಂತ.

"ಮೊದಲನೇದು ಉಪಕಾರ ನೆನೆಯೋ ಮಾತು, ಅಮ್ಮಣ್ಣಿ. ನಮ್ಮ ಸಾಹೇಬ್ರು ಮೇಲಿನವರಿಗೆ 'ಐ ಆಮ್ ಮಚ್ ಆಬ್ಲೈಜ್ಡ್ ಟು ಯು, ಸರ್' ಅಂತಾರೆ. ಗೆಳೆಯರಿಗೆ ಬರೀ ಥ್ಯಾಂಕ್ಸ್."

"ಸರಿ, ಎರಡನೆಯದು. ಪ್ರಶ್ನೆಯ ವೇಷ ಹಾಕಿದೆ, ಉತ್ತರ ಹೇಳಿದವನು ಕೆಟ್ಟ. ಏನದು?"

"ಹೌ ಡು ಯು ಡು! ಹೊಸಬರು ಸಿಕ್ಕಾಗ ಅನ್ನೋದು. ಒಂದ್ಸಲ ಹೊಟ್ಟೆನೋವು ಅಂದುಬಿಟ್ಟು ಬೈಸಿಕೊಂಡಿದೀನಿ. ನಮ್ಮಲ್ಲೂ ದಾರೀಲಿ ಸಿಕ್ಕವರು 'ಊಟ ಆಯ್ತಾ' ಅಂತಾರೆ, ಎಲೆ ಹಾಕ್ತಾರಾ?"

ದರ್ಬಾರು ನಕ್ಕಿತು. ಅಮ್ಮಣ್ಣಿ ನಗದೆ ಮೂರನೆಯದನ್ನು ಹಾಕಿದಳು.

"ದೊಡ್ಡವರೆದುರು ಬಾಗಿಲು ಮುಚ್ಚುತ್ತದೆ, ಬೇಕಾದವರೆದುರು ಅರ್ಧ ತೆರೆದಿಡುತ್ತದೆ. ಏನದು?"

ಬೀರನಿಗೆ ಏನೂ ಹೊಳೆಯಲಿಲ್ಲ. ಕತ್ತಿಯವನು ಹತ್ತಿರ ಬಂದು ನಿಂತ.

"ಹೆತ್ತವಳಿಗೆ ಏನಾದರೂ ಹೇಳುವುದಿದ್ದರೆ ಹೇಳು," ಎಂದರು ಮಹಾರಾಜರು.

ಬಾಗಿಲ ಬಳಿ ಅವ್ವ ಸೆರಗು ಕಚ್ಚಿ ಅಳುತ್ತಿದ್ದಳು. "ಅವ್ವಾ, ಹೋಗಿ ಬ..." ಎಂದವನು ಅಲ್ಲೇ ನಿಂತ. ಸಾಯಲು ಹೊರಟವನ ಬಾಯಲ್ಲೂ ಅದೇ ಮಾತು!

"ಸಿಕ್ತು! ಹೊರಡುವಾಗ ಆಡೋ ಮಾತು! ದೊಡ್ಡವರಿಗೆ 'ಗುಡ್ ಬೈ, ಸರ್', ಅಲ್ಲಿಗೆ ಮುಗೀತು. ಗೆಳೆಯರಿಗೆ 'ಸೀ ಯು', ಅಂದ್ರೆ ಮತ್ತೆ ನೋಡೋಣ ಅಂತ. ನಾವು ಹೋಗ್ತೀನಿ ಅಂತೀವಾ? ಹೋಗಿ ಬರ್ತೀನಿ ಅಂತೀವಿ."

ಅಮ್ಮಣ್ಣಿ ಹೌದೆಂದು ತಲೆಯಾಡಿಸಿದಳು. ಕತ್ತಿಯವನು ಹಿಂದೆ ಸರಿದ.

"ಬೇಡಿಕೋ," ಎಂದರು ಮಹಾರಾಜರು.

"ನಮ್ಮಣ್ಣನ್ನ ಬಿಡಿ ಬುದ್ಧಿ. ಆ ಇಬ್ಬರನ್ನೂ ಬಿಡಿ. ಅವರೂ ಮನೇಲಿ ಹೋಗಿ ಬರ್ತೀನಿ ಅಂದೇ ಬಂದಿರ್ತಾರೆ."

ಅಮ್ಮಣ್ಣಿ ತಲೆ ತಗ್ಗಿಸಿದಳು. ಸೆರೆಮನೆಯ ಬೀಗದ ಕೈ ತರಿಸಿ, ತಾನೇ ಹೋಗಿ ಬಾಗಿಲು ತೆಗೆದಳು.