ಹೊಳೆಯಲ್ಲಿ ಸಿಕ್ಕ ಕತ್ತಿಯ ವಯಸ್ಸು

ದೇವರು ಕಡಲ ನಡುವೆಯೂ ಅಲ್ಲಲ್ಲಿ ಒಂದಿಷ್ಟು ನೆಲ ಇಟ್ಟು, ಅಲ್ಲಿನವರನ್ನೂ ಸಲಹುತ್ತಿದ್ದಾನೆ. ಫಿಲಿಪೈನ್ಸಿನ ಅಂಥದ್ದೊಂದು ದ್ವೀಪದಲ್ಲಿ, ಹೊಳೆ ಕಡಲು ಸೇರುವ ಕಡೆ, ಬಾಪಾ ಸಾರಿಪ್ ಎಂಬ ಗುರುಗಳಿದ್ದರು. ಹಳೆಯ ಕತ್ತಿಗಳ ವಯಸ್ಸು ಹೇಳುವುದೂ ಅವರಿಗೆ ಪ್ರಾರ್ಥನೆಯೇ.

ಶಿಷ್ಯ ಹಸನಾಲ್ ಅವರ ಬಳಿ ಒಂಬತ್ತು ವರ್ಷ ಕಲಿತಿದ್ದ. ಅಂದು ಗುರುಗಳು, ಬಂದವರಿಗೆ ಇವತ್ತು ನೀನೇ ಹೇಳು ಎಂದು ಕಣ್ಣು ಮುಚ್ಚಿ ಕೂತರು.

ಮಂಜಿನೊಳಗಿಂದ ದೋಣಿಯೊಂದು ಸದ್ದಿಲ್ಲದೆ ತೇಲಿ ಬಂತು. ಮಾಯ್ಲಾ ಎಂಬ ಮುದುಕಿ ಇಳಿದಳು. ಕೈಯಲ್ಲಿ ಬಟ್ಟೆ ಸುತ್ತಿದ ಕ್ರಿಸ್, ಹಾವಿನಂತೆ ಬಳುಕಿದ ಅಲಗಿನ ಕತ್ತಿ.

ದೊಡ್ಡವರು ನಿದ್ದೆ ಹೊಡೆಯುತ್ತಿದ್ದಾರೋ, ಈ ಮೀಸೆ ಬಲಿಯದವನು ನೋಡಬೇಕೋ ಎಂದು ಗೊಣಗಿಕೊಂಡೇ ಅವಳು ಕತೆ ಹೇಳಿದಳು. ಅವಳು ಹುಟ್ಟುವ ಮೊದಲೇ, ಮನೆತನದ ಕತ್ತಿ ದೋಣಿ ಮಗುಚಿ ಹೊಳೆಪಾಲಾಯಿತು ಎಂದಿದ್ದ ಅವಳ ಅಜ್ಜ. ಮಾರಿಕೊಂಡು ತಿಂದ ಎಂದಿತು ಊರು. ಆ ಅಪವಾದ ಹೊತ್ತೇ ಆತ ಮಣ್ಣಿಗೆ ಹೋದ. ಈಗ ಹೊಳೆಯ ಅದೇ ತಿರುವಿನಲ್ಲಿ ಮೀನಿನ ಬಲೆಗೆ ಇದು ಸಿಕ್ಕಿದೆ.

"ಹಳೆಯದು ಅಂತ ನಿಮ್ಮ ಬಾಯಲ್ಲಿ ಬಂದರೆ ಸಾಕಪ್ಪಾ. ನಾಳೆ ಊರವರ ಮುಂದೆ ಇಡ್ತೀನಿ."

ಅಲಗಿನ ಮೇಲೆ ತುಕ್ಕು ದಟ್ಟವಾಗಿತ್ತು. ಆದರೆ ಉಪ್ಪುಕೆಸರು ಹೊಸ ಕಬ್ಬಿಣವನ್ನೂ ಬೇಗ ಮುದಿಯಾಗಿಸುತ್ತದೆ ಎಂದು ಹಸನಾಲ್ ಬಲ್ಲ. ಹಿಡಿಯ ಬುಡಕ್ಕೆ ನಿಂಬೆರಸ ಹಚ್ಚಿ ಉಜ್ಜಿದ. ಹಿಂದಿನವರು ಬುಡದ ತುಂಡನ್ನು ಬೇರೆಯಾಗಿ ಬಡಿದು ಅಲಗಿಗೆ ಕೂಡಿಸುತ್ತಿದ್ದರು. ಈಚಿನವರು ಎಲ್ಲವನ್ನೂ ಒಂದೇ ಕಬ್ಬಿಣದಲ್ಲಿ ಬಡಿದು, ಕೂಡಿಸಿದ ಹಾಗೆ ಕಾಣಲೆಂದು ಗೀರು ಎಳೆಯುತ್ತಾರೆ.

ಇದರಲ್ಲಿದ್ದದ್ದು ಗೀರು.

ತಲೆಯೆತ್ತಿದ. ಮುದುಕಿಯ ತುಟಿಗಳು ದೇವರ ಹೆಸರು ಹೇಳುತ್ತ ಅದುರುತ್ತಿದ್ದವು.

"ನೂರೈವತ್ತು ವರ್ಷ ಆಗಿರಬೇಕು, ಅಮ್ಮಾ."

ಅವಳು ಕತ್ತಿಯನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಹೊಳೆಯೂ ಒಂದು ಗಳಿಗೆ ನಿಂತಂತಾಯಿತು.

ಗುರುಗಳು ಕಣ್ಣು ತೆರೆದರು.

"ಬುಡ ಕೂಡಿಸಿದ ಸಂದಿ ಎಷ್ಟು ಆಳ ಇದೆ?"



"ಸಂದಿ ಇಲ್ಲ, ಬಾಪಾ. ಬರೀ ಗೀರು."

"ಹಾಗಾದರೆ?"

"ಐವತ್ತು ವರ್ಷವೂ ಆಗಿಲ್ಲ."

ಕತ್ತಿ ಮುದುಕಿಯ ಮಡಿಲಿಗೆ ಜಾರಿತು. ಅವಳತ್ತ ನೋಡಲಾರದೆ ಶಿಷ್ಯ ಹೇಳಿದ, "ಇವರ ಅಜ್ಜ ಹೇಳಿದ್ದು ನಿಜ ಅನ್ನಿಸಿತು ಬಾಪಾ. ಅದಕ್ಕೇ ಹಾಗಂದೆ."

"ನನಗೂ ನಿಜ ಅಂತಲೇ ಅನ್ನಿಸುತ್ತೆ," ಎಂದರು ಗುರುಗಳು. ಮಂಜು ಕವಿದ ತಿರುವಿನತ್ತ ನೋಡುತ್ತ ಮೆಲ್ಲಗೆ ಕೇಳಿದರು:

"ಇದೇ ಅದು ಅಂದುಬಿಟ್ಟರೆ, ಅಲ್ಲಿ ಕೆಸರಲ್ಲಿ ಇನ್ನೂ ಮಲಗಿರೋದನ್ನ ಆಮೇಲೆ ಯಾರು ಹುಡುಕುತ್ತಾರೆ, ಮಗೂ?"