ಹೆಸರಿಲ್ಲದ ಅಧ್ಯಕ್ಷರು

ಪುರಸಭೆಯ ವೆಬ್‌ಸೈಟ್ ನೋಡಲು ಬಲು ಚಂದ. ಆದರೆ ಕಣ್ಣು ಕಾಣದ ಸಂಗೀತದ ಟೀಚರ್ ರುಕ್ಮಿಣಿಯವರಿಗೆ ಅದರಲ್ಲಿ ನೀರಿನ ದೂರು ಕೊಡಲು ಆಗುತ್ತಿರಲಿಲ್ಲ. ಪರದೆ ಓದಿ ಹೇಳುವ ಅವರ ಫೋನು ಎಲ್ಲಿ ಮುಟ್ಟಿದರೂ "ಹೆಸರಿಲ್ಲದ ಬಟನ್" ಎನ್ನುತ್ತಿತ್ತು.

ಪುರಸಭೆಯ ಕಂಪ್ಯೂಟರ್ ಗುಮಾಸ್ತ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದ. ಅದನ್ನು ಸೈಟಿಗೆ ಸೇರಿಸಿದರೆ ಪ್ರತಿ ಬಟನ್ನಿಗೂ ಚಿತ್ರಕ್ಕೂ ಫೋನು ಓದುವಂಥ ಹೆಸರು ಬರುತ್ತಿತ್ತು. ಅಧ್ಯಕ್ಷ ಚನ್ನವೀರಪ್ಪನವರು ಒಪ್ಪಲಿಲ್ಲ.

"ನಾನು ಉದ್ಘಾಟನೆ ಮಾಡಿದ ಸೈಟು. ಮುಟ್ಟಿದರೆ ನಿನ್ನನ್ನ ಕಸದ ಗಾಡಿ ಹಿಂದೆ ಕಳಿಸ್ತೀನಿ."

"ಆಗಲಿ ಸರ್. ರುಕ್ಮಿಣಿ ಮೇಡಂ ಬಂದಿದ್ದಾರೆ. ನಿಮ್ಮ ಫೋಟೋಗೆ ಅವರ ಫೋನು ಏನನ್ನುತ್ತೆ, ಕೇಳಿಬಿಡಿ."

ಟೀಚರ್ ಬೆರಳಾಡಿಸಿದರು. ಫೋನು ಹೇಳಿತು, "ಹೆಸರಿಲ್ಲದ ಚಿತ್ರ."

ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಎರಡನೆಯದಾದರೆ ಸಮಾರಂಭಕ್ಕೇ ಹೋಗದವರು ಅಧ್ಯಕ್ಷರು. ಅವರ ಮುಖ ಕೆಂಪಾಯಿತು.

"ಇನ್ನೂ ಯಾಕೆ ನಿಂತಿದ್ದೀಯ? ಹಾಕು ನಿನ್ನ ಸ್ಕ್ರಿಪ್ಟು."

ಸಂಜೆಯೊಳಗೆ ಟೀಚರ್ ಅವರ ದೂರು ಸಲೀಸಾಗಿ ಹೋಯಿತು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಅಧ್ಯಕ್ಷರೂ ಟೀಚರ್ ಕೈಲಿ ತಮ್ಮ ಫೋಟೋ ಮೇಲೆ ಬೆರಳಿಡಿಸಿ ಕಿವಿಗೊಟ್ಟರು. "ಸನ್ಮಾನ್ಯ ಅಧ್ಯಕ್ಷರಾದ ಚನ್ನವೀರಪ್ಪನವರು, ನಗುಮುಖ."

"ಆ ಫೋಟೋದಲ್ಲಿ ನಾನು ನಕ್ಕೇ ಇಲ್ಲವಲ್ಲೋ," ಎಂದರು.

"ಈಗ ನಿಮ್ಮ ದನಿಯಲ್ಲಿ ನಗು ಕೇಳಿಸ್ತಿದೆ ಸರ್," ಎಂದರು ಟೀಚರ್. "ಹಾಗೇ ಇರಲಿ ಬಿಡಿ."